ಒತ್ತದೆ ಬರೆಯುವ ಪೆನ್ನು

ನವೆಂಬರ್ 9, ಭಾನುವಾರ

ಲೇತ್ ಆಫ್ ಮಾಡಿ ಈಗಷ್ಟೇ ಕೂತೆ. ತಲೆಗೂದಲಲ್ಲಿ, ಹುಬ್ಬಿನಲ್ಲಿ, ಚಹಾದ ಲೋಟದಲ್ಲಿ — ಎಲ್ಲೆಲ್ಲೂ ಜಾಲಿ ಮರದ ಪುಡಿ. ಪ್ರಬುದ್ಧ ಶೆಡ್ಡಿನ ಬಾಗಿಲಲ್ಲಿ ನಿಂತು ನೋಡಿದ. "ಫಾರ್ಮಸಿಸ್ಟ್ ಅಂತ ಮದುವಿ ಮಾಡ್ಕೊಂಡ್ರ, ಬಡಿಗೇರ ಕೆಲಸ ಮಾಡ್ಕೋತ ಕುಂತಾಳ" ಎಂದು ನಕ್ಕು ಹೋದ. ಹರಪನಹಳ್ಳಿ ಕಾಲೇಜಿನಲ್ಲಿ ಫಿಸಿಕ್ಸ್ ಕಲಿಸುವ ಗಂಡ. ಮನೆಯಲ್ಲಿ ಫ್ಯೂಸ್ ಹೋದರೆ ನನ್ನನ್ನೇ ಕರೆಯುತ್ತಾನೆ.

ಇಷ್ಟು ದಿನ ಬಾಲ್‌ಪೆನ್ನೇ ಮಾಡಿದ್ದು. ಆಸ್ಪತ್ರೆಯಲ್ಲಿ ಯಾರು ನಿವೃತ್ತರಾದರೂ, ಯಾರಿಗೆ ವರ್ಗವಾದರೂ ನನ್ನದೊಂದು ಪೆನ್ನು. ಈಗ ರೋಲರ್‌ಬಾಲ್ ಹುಚ್ಚು. ಮೂರು ಬಗೆಯ ಕಿಟ್ ತರಿಸಿದ್ದೇನೆ. ನಿನ್ನೆ ಸಿಸ್ಟರ್ ದುರುಗಮ್ಮ ಕೇಳಿದರು — "ಕಿಟ್ ಅಂದ್ರೇನ್ರಿ ಮೇಡಂ? ಹಂಗಾರ ಪೆನ್ನು ನೀವು ಮಾಡಂಗಿಲ್ಲೇನು?" ಮಾಡುತ್ತೇನೆ, ಆದರೆ ಅರ್ಧ. ಮೂತಿ, ಕ್ಯಾಪು, ಕ್ಲಿಪ್ಪು, ಒಳಗಿನ ಹಿತ್ತಾಳೆ ಕೊಳವೆ, ರೀಫಿಲ್ಲು ಕಿಟ್‌ನಲ್ಲಿ ಬರುತ್ತವೆ. ಮರ ಕೊರೆದು ಕೊಳವೆ ಅಂಟಿಸಿ, ಲೇತಿಗೆ ಹಾಕಿ ಮೈ ತಿರುವಿ, ಪಾಲಿಶ್ ಮಾಡಿ ಕೂಡಿಸುವುದು ನನ್ನ ಕೆಲಸ. ಲೋಹ ಅವರದು, ಮರ ನನ್ನದು ಎಂದೆ. "ಅಯ್ಯ, ನಮ್ಮ ಸಂಸಾರ ಇದ್ದಂಗ ಬಿಡ್ರಿ" ಎಂದರು.

ಮೂರಕ್ಕೂ ಹೆಸರಿಟ್ಟಿದ್ದೇನೆ.

ಬಂಗಾರಿ — ಚಿನ್ನದ ಬಣ್ಣ, ಕ್ಲಿಪ್ಪಿನ ಮೇಲೆ ಬಳ್ಳಿ ಕೆತ್ತನೆ. ನೋಡಲು ಮದುಮಗಳು. ಸ್ಪಿರಿಟ್ ಅದ್ದಿದ ಹತ್ತಿಯಿಂದ ಜೋರಾಗಿ ಒರೆಸಿದೆ, ಹತ್ತಿಗೆ ಹಳದಿ ಹತ್ತಿತು. ಮೂರು ತಿಂಗಳಲ್ಲಿ ಮೋರೆ ಕಪ್ಪಿಡುತ್ತದೆ. ಬೇಡ.

ಸಾದಮ್ಮ — ಕಪ್ಪು. ಒಡವೆ ವಸ್ತ್ರ ಏನೂ ಇಲ್ಲ. ಆದರೆ ಕ್ಯಾಪು ಸಡಿಲ, ಜೇಬಿನಲ್ಲಿ ಕಳಚಿಕೊಂಡರೆ ಅಂಗಿ ಹಾಳು. ಬೇಡ.

ದಪ್ಪಣ್ಣ — ಕ್ರೋಮ್. ಕೈಯಲ್ಲಿ ಹಿಡಿದರೆ ಏನೋ ಹಿಡಿದಿದ್ದೇನೆ ಅನ್ನಿಸುತ್ತದೆ. ಇದರ ಕ್ಯಾಪಿನ ಮರೆ, ಅಂದರೆ ತಿರುಪಿನ ಗೆರೆ, ಅಂಥದ್ದನ್ನು ನಾನು ನೋಡಿಯೇ ಇರಲಿಲ್ಲ! ಎಲ್ಲಿಂದ ಇಟ್ಟು ತಿರುಗಿಸಿದರೂ ಕಚ್ಚುತ್ತದೆ. ಬೆಣ್ಣೆಯ ಹಾಗೆ ಹೋಗಿ ಟಕ್ಕನೆ ನಿಲ್ಲುತ್ತದೆ. ಎಲ್ಲೋ ಯಾರೋ ಕೂತು, ಯೋಚಿಸಿ, ಈ ನಾಲ್ಕು ಗೆರೆ ಕಡೆದಿದ್ದಾರೆ. ನಾನು ಯಾರೆಂದು ಅವರಿಗೆ ಗೊತ್ತಿಲ್ಲ, ಆದರೂ ನನಗೆ ಮೋಸ ಮಾಡಿಲ್ಲ. ಸುಮ್ಮನೆ ಹತ್ತು ಸಲ ಬಿಚ್ಚಿ ಹಾಕಿದೆ.

ದಪ್ಪಣ್ಣನೇ ಗಟ್ಟಿ.

ನವೆಂಬರ್ 13, ಗುರುವಾರ, ಸಂಜೆ

ಮೇಲಿನ ರೂಮಿನ ಮೇಘಾ ಇಳಿದು ಬಂದಳು. ಕೈಯಲ್ಲಿ ಮಾತ್ರೆಯ ಬಾಟಲಿ. ನಾನೇ ಫಾರ್ಮಸಿಯ ಕಿಟಕಿಯಲ್ಲಿ ಕೊಟ್ಟಿದ್ದು.

"ಅಕ್ಕಾ, ಮುಚ್ಚಳ ಒಂದು ತಗದು ಕೊಡ್ರಿ. ಬೆಳ್ಳು ಹಿಡಿವಲ್ವು."

ಕಾನಹೊಸಹಳ್ಳಿ ಹತ್ತಿರದ ಹಟ್ಟಿಯ ಹುಡುಗಿ. ಕುರಿ ಸಾಕುವ ಮನೆ. ಎರಡು ವರ್ಷದಿಂದ ಕೊಟ್ಟೂರಿನಲ್ಲಿ ನಮ್ಮ ಮೇಲ್ಮನೆಯಲ್ಲಿದ್ದು ಕೆಎಎಸ್‌ಗೆ ಓದುತ್ತಿದ್ದಾಳೆ. ಪ್ರಿಲಿಮ್ಸ್ ಪಾಸು. ಮೇನ್ಸ್ ಫೆಬ್ರವರಿಯಲ್ಲಿ, ಧಾರವಾಡ ಸೆಂಟರ್. ದಸರೆ ಹೊತ್ತಿಗೆ ಚಿಕೂನ್‌ಗುನ್ಯಾ ಬಂತು. ಜ್ವರ ವಾರಕ್ಕೆ ಹೋಯಿತು. ಬೆರಳ ಕೀಲುಗಳ ನೋವು ಹೋಗಿಲ್ಲ. ಕೆಲವರಿಗೆ ತಿಂಗಳುಗಟ್ಟಲೆ ಹೀಗೇ ಕಾಡುತ್ತದೆ, ಆಸ್ಪತ್ರೆಯಲ್ಲಿ ದಿನಾ ನೋಡುತ್ತೇನೆ.

ಬರೆಯಲು ಆಗುತ್ತಿದೆಯಾ ಎಂದು ಕೇಳಿದೆ. ಮೇಲೆ ಹೋಗಿ ಅಭ್ಯಾಸದ ಉತ್ತರದ ಹಾಳೆ ತಂದಳು. ಮೊದಲ ಪುಟ ಮುತ್ತು. ಎರಡನೆಯದರಲ್ಲಿ ಸಾಲು ಇಳಿಯುತ್ತಿದೆ. ನಾಲ್ಕನೆಯದು ಅವಳ ಅಕ್ಷರವೇ ಅಲ್ಲ. ಹಾಳೆ ತಿರುವಿ ಹಿಂದೆ ಬೆರಳಾಡಿಸಿದೆ. ಅಕ್ಷರಗಳೆಲ್ಲ ಉಬ್ಬಿ ನಿಂತಿದ್ದವು. ನೋಯುವ ಕೈಯಲ್ಲಿ ಬಾಲ್‌ಪೆನ್ನು ಒತ್ತಿ ಒತ್ತಿ ಬರೆದಿದ್ದಾಳೆ.

"ಇಷ್ಟ್ಯಾಕ ಒತ್ತತಿ?"

"ಒತ್ತದಿದ್ರ ಮೂಡಂಗಿಲ್ಲಲ್ರಿ."

ಮೂರು ತಾಸು ಒಂದೊಂದು ಪೇಪರ್. ದಿನ ಬಿಟ್ಟು ದಿನ. ಹೇಳಿದ್ದನ್ನು ಬರೆಯುವವರನ್ನು ಕೊಡುತ್ತಾರೇನೋ ವಿಚಾರಿಸಿ ನೋಡಬಹುದು ಎಂದ ಪ್ರಬುದ್ಧ. ಮೇಘಾ ಅಡ್ಡಡ್ಡ ಗೋಣು ಆಡಿಸಿದಳು. "ಬ್ಯಾಡ್ರಿ ಸರ್. ನನ್ನ ಉತ್ತರ ನಾನಾ ಬರೀಬೇಕು. ಬರಕೋತ ಬರಕೋತನಾ ನನಗ ಹೊಳಿತೈತಿ."

ಶೆಡ್ಡಿಗೆ ಕರೆದುಕೊಂಡು ಹೋದೆ. ದಪ್ಪಣ್ಣನ ಬರೀ ರೀಫಿಲ್ಲನ್ನೇ ಕೈಗೆ ಕೊಟ್ಟು, ಒತ್ತಬೇಡ, ಸುಮ್ಮನೆ ಸವರು ಎಂದೆ. ರೋಲರ್‌ಬಾಲ್ ಶಾಯಿ ತೆಳು, ತಾನೇ ಹರಿಯುತ್ತದೆ. ಒಂದು ಗೆರೆ ಎಳೆದಳು. ಇನ್ನೊಂದು. ಆಮೇಲೆ ತನ್ನ ಹೆಸರು. ನನ್ನ ಮುಖ ನೋಡಿದಳು.

"ಇದು ತಾನಾ ಬರಿತೈತಲ್ರಿ!"

ನವೆಂಬರ್ 16, ಭಾನುವಾರ

ಮಾಡಿಬಿಟ್ಟೆ. ಜಾಲಿ ಮರ, ದಪ್ಪಣ್ಣನ ಕಿಟ್. ಜಾಲಿಯನ್ನು ಊರೆಲ್ಲ ಬೈಯುತ್ತದೆ. ಕಡೆದು ಎಣ್ಣೆ ಹಚ್ಚಿ ನೋಡಿದವರು ಬೈಯುವುದಿಲ್ಲ. ಕೊಬ್ಬರಿ ಬೆಲ್ಲದ ಬಣ್ಣ, ನಡುವೆ ಕಪ್ಪು ಎಳೆ. ಕನ್ನಡಿಯ ಹಾಗೆ ಹೊಳೆಯುವವರೆಗೂ ಪಾಲಿಶ್ ಕೊಟ್ಟೆ. ಮೇಘಾ ಎರಡು ಕೈಯಲ್ಲಿ ತೆಗೆದುಕೊಂಡಳು. "ಇದನ್ನ ಬಳಸಾಕ ಮನಸು ಬರಂಗಿಲ್ರಿ ಅಕ್ಕಾ" ಎಂದಳು.

ಬಳಸು ಎಂದೆ. ಹೆಮ್ಮೆಯಾಯಿತು. ಸುಳ್ಳು ಯಾಕೆ ಬರೆಯಲಿ.

ನವೆಂಬರ್ 20, ಗುರುವಾರ

ಪೆನ್ನು ಸೋತಿತು.

ಹೇಳಲು ಮೇಘಾ ಹಿಂದೆಮುಂದೆ ನೋಡಿದಳು, ನಾನೇ ಒತ್ತಾಯ ಮಾಡಿದೆ. "ಬೇಜಾರ ಮಾಡ್ಕೋಬ್ಯಾಡ್ರಿ. ಬೆಳಿಗ್ಗಿ ಎದ್ದಾಗ ಬೆಳ್ಳು ಮರಗಟ್ಟಿರ್ತಾವ. ಕ್ಯಾಪು ತಿರುವಾಕ ಆಗಂಗಿಲ್ರಿ. ಹಲ್ಲಿಲೆ ಬಿಚ್ಚೀನಿ." ನಾನು ಹತ್ತು ಸಲ ಬಿಚ್ಚಿ ಮೆಚ್ಚಿದ ಮರೆ! ಬರೆಯುವಾಗ ಕ್ಯಾಪನ್ನು ಹಿಂದೆ ಸಿಕ್ಕಿಸಿದರೆ ಭಾರ ಹಿಂದಕ್ಕೆ ಜಗ್ಗುತ್ತದೆ, ಮಣಿಕಟ್ಟು ಸೋಲುತ್ತದೆ. ಬೆವರಿದರೆ ಜಾರುತ್ತದೆ.

ನನ್ನೆದುರೇ ಬರೆಯಲು ಹೇಳಿ ಅವಳ ಬೆರಳುಗಳನ್ನೇ ನೋಡುತ್ತ ಕೂತೆ. ಆಗ ಕಂಡಿತು. ಬೆರಳು ಇರುವುದು ಮುಂದಿನ ಕ್ರೋಮ್ ಮೂತಿಯ ಮೇಲೆ. ಸಣ್ಣ, ನುಣ್ಣನೆಯ, ತಣ್ಣನೆಯ ಲೋಹ. ಮರವನ್ನು ಅವಳು ಮುಟ್ಟುತ್ತಲೇ ಇಲ್ಲ. ನಾನು ಇಡೀ ಭಾನುವಾರ ಚಂದ ಮಾಡಿದ್ದು ಯಾರೂ ಹಿಡಿಯದ ಜಾಗವನ್ನು.

ಕಿಟ್ ಆರಿಸುವಾಗ ಹೊಳಪು ನೋಡಿದೆ, ಮರೆ ನೋಡಿದೆ, ಕ್ಲಿಪ್ಪು ಎಳೆದು ನೋಡಿದೆ. ಕೈ ಎಲ್ಲಿ ಕೂರುತ್ತದೆ ಎಂದು ನೋಡಲಿಲ್ಲ.

ಡಿಸೆಂಬರ್ 7, ಭಾನುವಾರ

ಬರೆಯದೆ ಬಹಳ ದಿನವಾಯಿತು. ಆಸ್ಪತ್ರೆಯಲ್ಲಿ ಜ್ವರದವರ ಸಾಲು, ಊಟಕ್ಕೂ ಪುರುಸೊತ್ತಿಲ್ಲ. ಮನೆಗೆ ಬಂದರೆ ಮೇಲಿನ ರೂಮಿಗೆ ಬೀಗ. ಮೇಘಾ ಹಟ್ಟಿಗೆ ಹೋಗಿದ್ದಾಳೆ. ಹೋಗುವಾಗ ಪುಸ್ತಕದ ಚೀಲ ಒಯ್ಯಲಿಲ್ಲ ಎಂದ ಪ್ರಬುದ್ಧ. ಜಾಲಿ ಪೆನ್ನನ್ನು ಒರೆಸಿ, ಬಟ್ಟೆಯಲ್ಲಿ ಸುತ್ತಿ ಅವನ ಕೈಗೆ ಕೊಟ್ಟು ಹೋದಳಂತೆ.

ಲೇತ್ ಮೇಲೆ ಹಳೆಯ ಸೀರೆ ಹೊದಿಸಿದ್ದೇನೆ.

ಡಿಸೆಂಬರ್ 14, ಭಾನುವಾರ, ರಾತ್ರಿ ಊಟಕ್ಕೆ ಮುಂಚೆ

ಹಟ್ಟಿಗೆ ಹೋಗಿ ಬಂದೆ. ಹೋಗದಿದ್ದರೆ ಏನು ಕಳೆದುಕೊಳ್ಳುತ್ತಿದ್ದೆನೋ!

ಕಾನಹೊಸಹಳ್ಳಿಯಲ್ಲಿ ಬಸ್ ಇಳಿದು ಆಟೋ. ಮನೆಯಲ್ಲಿ ಅವಳ ತಾಯಿ ಮೈಲಮ್ಮ ಒಬ್ಬರೇ. "ಅವರಪ್ಪನ ಕೂಡ ಕುರಿ ಹಿಂದ ಹೋಗ್ಯಾಳ್ರಿ" ಎಂದರು. ಓದು ಬಿಟ್ಟಳೇ?

ಹೊಲದ ಬದುವಿನಲ್ಲಿ ನಡೆದೆ. ಮೊದಲು ಧ್ವನಿ ಕೇಳಿತು, ಆಮೇಲೆ ಕುರಿ ಕಂಡವು. ಮೇಘಾ ಕೈಗಳನ್ನು ಕಂಬಳಿಯೊಳಗೆ ಇಟ್ಟುಕೊಂಡು ನಡೆಯುತ್ತ, ಗಟ್ಟಿಯಾಗಿ ಉತ್ತರ ಹೇಳುತ್ತಿದ್ದಾಳೆ! ರಾಜ್ಯಪಾಲರ ಅಧಿಕಾರ, ಹಣಕಾಸು ಆಯೋಗ, ಪಂಚಾಯತಿ ತಿದ್ದುಪಡಿ. ಪೀಠಿಕೆ, ನಡುವಿನ ಅಂಶ, ಮುಕ್ತಾಯ — ಹಾಳೆಯ ಮೇಲೆ ಬರೆಯುವ ಹಾಗೇ. ಅವಳ ಅಪ್ಪ ಅಜ್ಜಯ್ಯ ಮುಂದೆ ಕೋಲು ಹಿಡಿದು ನಡೆಯುತ್ತ, "ಹ್ಞೂಂ, ಮುಂದ?" ಎನ್ನುತ್ತಿದ್ದಾರೆ.

ನನ್ನನ್ನು ಕಂಡು ನಕ್ಕರು. "ಬರ್ರಿ ಅಕ್ಕಾರ. ಹದಿನೈದು ದಿನಾತು, ಇದಾ ಪಾಠ. ನಮ್ಮ ಟಗರಿಗೂ ಸಂವಿಧಾನ ಬಾಯಿಪಾಠ ಆಗೈತಿ."

"ಪುಸ್ತಕ ಬಿಟ್ಟು ಬಂದಿ ಅಂತ ನಾನು ಏನೇನೋ ತಿಳ್ಕೊಂಡೆ" ಎಂದೆ ಮೇಘಾಗೆ.

"ಹಿಡಿಯಾಕ ಆಗವಲ್ವು ಅಂತ ಬಿಟ್ಟು ಬಂದೆ ಅಕ್ಕಾ. ಓದಿದ್ದು ತಲಿಯಾಗ ಐತಲ್ಲ. ಕೈ ಬರೋ ಮಟ ಬಾಯಿಲೆ ಬರಿತೀನಿ."

ನಾನು ಈ ಹುಡುಗಿ ಸೋತಳು ಅಂದುಕೊಂಡು ಬಸ್ ಹತ್ತಿದ್ದೆ.

ಮನೆಗೆ ಬಂದು ಮೈಲಮ್ಮನ ಹತ್ತಿರ ಗೋದಿ ಹಿಟ್ಟು ಕೇಳಿದೆ. ಚಪಾತಿಗಿಂತ ಗಟ್ಟಿಯಾಗಿ ನಾದಿ, ಒಂದು ಕಡ್ಡಿಗೆ ಮೆತ್ತಿ ಮೇಘಾ ಕೈಗೆ ಕೊಟ್ಟೆ. "ನೋವು ಆಗದಂಗ ಹಿಡಿ. ಪೆನ್ನು ಹಿಡಿದಂಗ. ಎಷ್ಟು ದಪ್ಪ ಬೇಕೋ ಅಷ್ಟು ಹಿಟ್ಟು ಹಚ್ಚೋಣು." ಮೂರು ಸಲ ಹಿಟ್ಟು ಕೂಡಿಸಿದೆವು. ಕೊನೆಗೆ ಅವಳ ಭುಜ ಸಡಿಲವಾಯಿತು. "ಇದು ಆರಾಮ ಐತ್ರಿ." ಹೆಬ್ಬೆರಳಿನ ಗುಳಿ, ತೋರುಬೆರಳಿನ ಗುಳಿ, ನಡುಬೆರಳು ಕೆಳಗೆ ಒರಗಿದ ಗುರುತು. ಅಂಗಡಿಯ ಯಾವ ಪೆನ್ನೂ ಅಷ್ಟು ದಪ್ಪ ಇರುವುದಿಲ್ಲ. ಮೈಲಮ್ಮ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದರು. "ಪೆನ್ನಿಗೂ ಅಳತಿ ತಗೋತಾರೇನವ್ವ, ಕುಬಸಕ್ಕ ತಗೊಂಡಂಗ!"

ಹೊರಡುವಾಗ ಅಜ್ಜಯ್ಯ ಹಿತ್ತಲಿನಿಂದ ಒಂದು ಗೂಟ ತಂದು ಕೊಟ್ಟರು. ಕಮರ, ಗಟ್ಟಿ ಕಾಡುಮರ. ರಾತ್ರಿ ಕುರಿ ಕೂಡುವ ರೊಪ್ಪದ ಬೇಲಿಯಲ್ಲಿ ಅವರ ಅಪ್ಪನ ಕಾಲದಿಂದ ನಿಂತಿದ್ದಂತೆ. ಹೊರಗೆ ಬೂದಿ ಬಣ್ಣ, ಒಡೆದ ಮೈ. ಎತ್ತಿದರೆ ಕಬ್ಬಿಣ.

"ಇದರಾಗ ಪೆನ್ನು ಹೊಂಡತೈತೇನ್ರಿ?"

ನೋಡೋಣ ಎಂದೆ. ಹಿಟ್ಟಿನ ಅಚ್ಚನ್ನು ಡಬ್ಬಿಯಲ್ಲಿಟ್ಟು, ಗೂಟವನ್ನು ಮಡಿಲಲ್ಲಿಟ್ಟು ಬಸ್ಸಿನಲ್ಲಿ ಕೂತೆ. ಕಂಡಕ್ಟರ್ ಎರಡು ಸಲ ನೋಡಿದ.

ಡಿಸೆಂಬರ್ 16, ಮಂಗಳವಾರ

ಹುಬ್ಬಳ್ಳಿಯಲ್ಲಿ ಕಿಟ್ ಮಾರುವ ಗಂಗಾಂಬಿಕಾ ಅವರಿಗೆ ಫೋನ್ ಮಾಡಿದೆ. ಈವರೆಗೆ ಆರ್ಡರ್, ಪಾರ್ಸಲ್ ಅಷ್ಟೇ. ಇವತ್ತು ಮೊದಲ ಸಲ ಮಾತು. ಎಲ್ಲ ಹೇಳಿದೆ — ಬೆರಳು ಮರದ ಮೇಲೆ ಕೂರಬೇಕು, ಮೂತಿ ಗಿಡ್ಡ ಇರಬೇಕು, ಕ್ಯಾಪು ತಿರುವದೆ ಬಿಚ್ಚಬೇಕು, ಹಗುರ ಇರಬೇಕು. ಆ ಕಡೆ ಡಬ್ಬಿಗಳನ್ನು ಸರಿಸುವ ಸದ್ದು.

"ಒಂದು ಐತ್ರಿ. ಮ್ಯಾಗ್ನೆಟ್ ಕ್ಯಾಪಿಂದು. ಯಾರೂ ಕೇಳೂದಿಲ್ಲ ಅದನ್ನ, ನೋಡಾಕ ಸಪ್ಪಗ ಐತಿ ಅಂತಾರ. ಕ್ಯಾಪು ಹಿಂದ ಸಿಗಸಾಕ ಬರೂದಿಲ್ಲ. ನಡೀತೈತೇನ್ರಿ?"

ಅದೇ ಬೇಕು ಎಂದೆ.

"ಹಂಗಾರ ತಡೀರಿ, ನಾನಾ ಒಂದು ಕೂಡಿಸಿ, ಬರದು ನೋಡಿ ಫೋನ್ ಮಾಡ್ತೀನಿ. ಪರೀಕ್ಷಾ ಬರೆಯೂ ಹುಡುಗಿ ಅಂತೀರಿ, ಸುಮ್ನ ಕಳಸೂದು ಬರಾಬರಿ ಅಲ್ಲ."

ಸಂಜೆ ಮತ್ತೆ ಅವರೇ ಫೋನ್ ಮಾಡಿದರು. ಎರಡು ಪುಟ ಬರೆದರಂತೆ. ಮೂತಿಯ ಅಂಚು ಚೂಪಾಗಿದೆ, ನಡುಬೆರಳಿಗೆ ತಾಗುತ್ತದೆ, ಮರಳು ಕಾಗದದಿಂದ ತೀಡಿ ದುಂಡಗೆ ಮಾಡಿಕೊಳ್ಳಿ ಎಂದರು. ತನ್ನದೇ ಮಾಲಿನ ಕೊರತೆ ಹೇಳಿ ಮಾರುವವರನ್ನು ಇವತ್ತು ಕಂಡೆ.

ಡಿಸೆಂಬರ್ 27, ಶನಿವಾರ

ಕಿಟ್ ಬಂದು ನಾಲ್ಕು ದಿನ. ಸದ್ಯಕ್ಕೆ ಒಂದು ಬೇವಿನ ತುಂಡಿನ ಮೈ ಹಾಕಿ ಎಲ್ಲ ಪರೀಕ್ಷೆ ಮುಗಿಸಿದೆ. ಹೆಸರು — ಮೌನಿ.

ಕಪ್ಪು ಲೋಹ. ಮೂತಿ ಕಿರುಬೆರಳ ಉಗುರಿನಷ್ಟು. ಉಳಿದದ್ದೆಲ್ಲ ಮರಕ್ಕೇ ಬಿಟ್ಟುಕೊಟ್ಟಿದ್ದಾರೆ. ಕ್ಯಾಪು ಹತ್ತಿರ ತಂದರೆ ತಾನೇ ಬಂದು ಕೂರುತ್ತದೆ, ಎಳೆದರೆ ತಕರಾರಿಲ್ಲದೆ ಬಿಡುತ್ತದೆ. ಮುಂಜಾನೆ ಎರಡು ಮಂದ ಕೈಗವಸು ಹಾಕಿಕೊಂಡು ಬಿಚ್ಚಿ ನೋಡಿದೆ. ಬಂತು!

ಮ್ಯಾಗ್ನೆಟ್ ಕ್ಯಾಪು ಗಾಳಿಯಾಡದ ಹಾಗೆ ಮುಚ್ಚುತ್ತದೆಯೇ ಎಂಬ ಭಯ ಇತ್ತು. ಶಾಯಿ ಒಣಗಿದರೆ ಪರೀಕ್ಷೆಯಲ್ಲಿ ಗತಿ? ಮುಚ್ಚಿ ಅಟ್ಟದ ಬಿಸಿಯಲ್ಲಿಟ್ಟೆ. ಇವತ್ತು ತೆಗೆದು ಹಾಳೆಗೆ ತಾಗಿಸಿದರೆ ಮೊದಲ ಅಕ್ಷರದಿಂದಲೇ ಕಪ್ಪು. ಸ್ಪಿರಿಟ್‌ಗೂ ಬಣ್ಣ ಬಿಡಲಿಲ್ಲ. ಉಪ್ಪುನೀರಿಗೂ ಬಿಡಲಿಲ್ಲ.

ಒಂದೇ ಕೊರತೆ. ಜೊತೆಗೆ ಬಂದ ರೀಫಿಲ್ಲಿನ ತುದಿ ದಪ್ಪ, ಉತ್ತರದ ಹಾಳೆಯಲ್ಲಿ ಹಿಂದಕ್ಕೆ ಸೋರುತ್ತದೆ. ಸಣ್ಣ ತುದಿಯದು ತರಿಸಿದೆ. ಸೋರಲಿಲ್ಲ, ಒತ್ತಡವೂ ಬೇಡ. ಪ್ರಬುದ್ಧನ ಹತ್ತಿರ ಬರೆಸಿದೆ. ಬಿಡಿಸಲಾಗದ ಅಕ್ಷರದ ಮನುಷ್ಯ. ಒಂದು ಸಾಲು ಬರೆದು, "ಲೇ, ನನ್ನ ಅಕ್ಷರನೂ ತಿಳಿತೈತಲ್ಲ!" ಎಂದ.

ಈ ಸಪ್ಪೆ ಪೆನ್ನಿನ ಎದುರು ಬಂಗಾರಿಯನ್ನು ಇಟ್ಟು ನೋಡಿದೆ. ಬಂಗಾರಿ ತನ್ನನ್ನು ನೋಡು ಅನ್ನುತ್ತಾಳೆ. ಇವನು ನೀನು ಬರೆ, ನಾನಿದ್ದೇನೆ ಅನ್ನುತ್ತಾನೆ.

ಜನವರಿ 3, ಶನಿವಾರ

ಕಮರ ಸೀಳಿತು. ತೂತು ಕೊರೆಯುವಾಗ ಅವಸರ ಮಾಡಿದೆ, ಡ್ರಿಲ್ ಕಾದು ಹೊಗೆ ಬಂತು, ಟಪ್ ಎಂದು ಉದ್ದಕ್ಕೂ ಬಿರುಕು. ಗೂಟದಲ್ಲಿ ಗಟ್ಟಿ ಭಾಗ ಸ್ವಲ್ಪವೇ ಇದೆ. ಇನ್ನೆರಡು ತುಂಡು ಹೊರಡಬಹುದು.

ನಾಳೆ. ನಿಧಾನ.

ಜನವರಿ 4, ಭಾನುವಾರ, ಸಂಜೆ

ಆಯಿತು.

ಬೆಳಗಿನಿಂದ ಸಂಜೆವರೆಗೆ. ಒಂದಿಷ್ಟು ಕೊರೆದು, ಹೊರತೆಗೆದು, ಆರಲು ಬಿಟ್ಟು, ಮತ್ತೊಂದಿಷ್ಟು. ಉಳಿಯನ್ನು ಎಷ್ಟು ಸಲ ಸಾಣೆ ಹಿಡಿದೆನೋ. ಬೂದಿ ಬಣ್ಣದ ಹೊರಮೈ ಹೋದ ಮೇಲೆ ಒಳಗಿನದು ಕಂಡಿತು. ಕಡುಗೆಂಪು, ಅದರಲ್ಲಿ ನೇರಳೆಯ ಛಾಯೆ, ಹಸಿ ಗಾಯದ ಹಾಗೆ. ಮಳೆ ಬಿಸಿಲು ತಿಂದು ಬೇಲಿಯಲ್ಲಿ ನಿಂತ ಮರ ಒಳಗೆ ಇದನ್ನು ಇಟ್ಟುಕೊಂಡಿತ್ತು. ಲೇತ್ ನಿಲ್ಲಿಸಿ ಸ್ವಲ್ಪ ಹೊತ್ತು ಸುಮ್ಮನೆ ನೋಡಿದೆ.

ಮರವನ್ನು ಲೋಹದ ಅಂಚಿಗೆ ಸಮ ಮಾಡಬೇಕು ಎಂಬುದು ಈ ಕೆಲಸದ ನಿಯಮ. ಕೈ ಸವರಿದರೆ ಎಲ್ಲಿ ಮರ ಮುಗಿಯಿತು, ಎಲ್ಲಿ ಲೋಹ ಶುರುವಾಯಿತು ಗೊತ್ತಾಗಬಾರದು. ಮುರಿದೆ. ಒಣಗಿ ಕಲ್ಲಾದ ಹಿಟ್ಟಿನ ಅಚ್ಚನ್ನು ಎದುರಿಗಿಟ್ಟುಕೊಂಡು ಅದೇ ದಪ್ಪಕ್ಕೆ ಹೊಟ್ಟೆ ಬಿಟ್ಟೆ. ಬೆರಳು ಕೂರುವಲ್ಲಿ ಸಣ್ಣ ತಗ್ಗು. ಹೊಳಪು ಕೊಡಲಿಲ್ಲ, ಎಣ್ಣೆ ಮಾತ್ರ. ಬೆವರಿದರೂ ಜಾರಬಾರದು. ಮೂತಿಯ ಅಂಚು ತೀಡಿದೆ. ಕೂಡಿಸಿದ ಮೇಲೆ ನೋಡಿದರೆ ಮಾವಿನ ಮಿಡಿಯ ಹಾಗಿದೆ. ನಾನು ಮಾಡಿದ ಪೆನ್ನುಗಳಲ್ಲೆಲ್ಲ ಕುರೂಪಿ ಇದೇ ಇರಬೇಕು.

ಕೈಗೆ ತೆಗೆದುಕೊಂಡರೆ ಕೆಳಗಿಡಲು ಮನಸ್ಸು ಬರಲಿಲ್ಲ.

ಜನವರಿ 6, ಮಂಗಳವಾರ

ಮೇಘಾ ಬಂದಳು. ಊತ ಇಳಿದಿದೆ, ನೋವು ಇದೆ. ಪೆನ್ನು ಕೊಟ್ಟು ನಾನು ಅಡುಗೆಮನೆಗೆ ಹೋದೆ. ಎದುರಿಗೆ ಕೂರಲು ಧೈರ್ಯ ಸಾಲಲಿಲ್ಲ. ಅನ್ನ ಬಸಿದು, ಸಾರಿಗೆ ಒಗ್ಗರಣೆ ಹಾಕಿ ಹೊರಗೆ ಬಂದರೆ ಇನ್ನೂ ಬರೆಯುತ್ತಿದ್ದಾಳೆ. ತಲೆ ಎತ್ತಲಿಲ್ಲ. ಮೇಜಿನ ಮೇಲೆ ತುಂಬಿದ ಹಾಳೆಗಳು. ಒಂದನ್ನು ತಿರುವಿ ಹಿಂದೆ ಬೆರಳಾಡಿಸಿದೆ. ಸಪಾಟು. ಏನೂ ಉಬ್ಬಿಲ್ಲ.

"ಹೆಂಗೈತಿ?"

"ತಡೀರಿ ಅಕ್ಕಾ, ಮುಕ್ತಾಯ ಒಂದು ಉಳದೈತಿ."

ಬರೆದು ಮುಗಿಸಿ ಕೈ ಕೊಡವಿದಳು. ಆಮೇಲೆ ಪೆನ್ನನ್ನು ನೋಡಿದಳು, ಆಗಷ್ಟೇ ಕಂಡ ಹಾಗೆ. "ಇದು ನಮ್ಮ ರೊಪ್ಪದ ಗೂಟಾನಾ?" ಎಂದಳು. ಹೌದು ಎಂದರೆ ನಂಬಲಿಲ್ಲ. ಮೂಗಿಗೆ ಹಿಡಿದು ನೋಡಿದಳು. "ಕುರಿ ವಾಸನಿ ಇಲ್ಲಲ್ರಿ!"

ದೂರು ಒಂದೇ — ಮೇಜಿನ ಮೇಲೆ ಉರುಳಿ ಹೋಗುತ್ತದೆ. ಮೇಲ್ಭಾಗದ ಒಂದು ಮಗ್ಗುಲನ್ನು ಸ್ವಲ್ಪ ಚಪ್ಪಟೆ ತೀಡಿ ಕೊಟ್ಟೆ. ಉಳಿದ ತುಂಡಿನಲ್ಲಿ ಇನ್ನೊಂದು ಮಾಡಬೇಕು. ಒಂದೇ ಪೆನ್ನು ನಂಬಿ ಅಷ್ಟು ದೂರ ಕಳಿಸಲಾರೆ.

ಜನವರಿ 25, ಭಾನುವಾರ

ಎರಡನೆಯದೂ ಆಯಿತು. ಮೇಲಿನ ರೂಮಿನಲ್ಲಿ ದಿನಾ ಬೆಳಿಗ್ಗೆ ಮೇಘಾ ಬಿಸಿನೀರಿನ ತಪ್ಪಲೆಯಲ್ಲಿ ಕೈ ಅದ್ದುವ ಸದ್ದು, ಆಮೇಲೆ ಕುರ್ಚಿ ಎಳೆಯುವ ಸದ್ದು, ಆಮೇಲೆ ಮೂರು ತಾಸು ಸದ್ದೇ ಇಲ್ಲ. ನೋವಿನ ದಿನವೂ ಬಿಡುವುದಿಲ್ಲ. ನೋವು ಜಾಸ್ತಿ ಇದ್ದರೆ ಅಕ್ಷರ ದೊಡ್ಡದು ಮಾಡುತ್ತಾಳೆ, ವಾಕ್ಯ ಚಿಕ್ಕದು ಮಾಡುತ್ತಾಳೆ, ಅಷ್ಟೆ. "ಪದ ಉಳಿಸಿದ್ರ ಬೆಳ್ಳೂ ಉಳಿತಾವ್ರಿ" ಎನ್ನುತ್ತಾಳೆ. ಮೊದಲಿಗಿಂತ ಉತ್ತರ ಚೆನ್ನಾಗಿವೆ ಎಂದು ತಿದ್ದುವ ಪ್ರಬುದ್ಧ ಹೇಳಿದ.

ಫೆಬ್ರವರಿ 7, ಶನಿವಾರ, ಬೆಳಿಗ್ಗೆ

ಇವತ್ತು ಮೊದಲ ಪೇಪರ್. ಅಜ್ಜಯ್ಯ ಕುರಿಗಳನ್ನು ತಮ್ಮನಿಗೆ ಒಪ್ಪಿಸಿ ಮೇಘಾ ಜೊತೆಗೆ ಧಾರವಾಡಕ್ಕೆ ಹೋಗಿದ್ದಾರೆ. ಎಂಟೂವರೆಗೆ ಅವರ ಫೋನ್.

"ಅಕ್ಕಾರ, ಗೇಟಿನ್ಯಾಗ ಹಿಡಿದಾರ್ರಿ! ಪೆನ್ನು ಹಿಡಿದಾರ!"

ನನಗೆ ಹೊಳೆಯಲೇ ಇಲ್ಲ. ಅಷ್ಟು ದಪ್ಪ, ಒಳಗೇನಿದೆ ಕಾಣದು, ಮ್ಯಾಗ್ನೆಟ್ ಬೇರೆ — ಯಾರಿಗಾದರೂ ಅನುಮಾನ ಬರದೇ ಇರುತ್ತದೆಯೇ? ಇಷ್ಟೆಲ್ಲ ಪರೀಕ್ಷೆ ಮಾಡಿದವಳಿಗೆ ಗೇಟು ನೆನಪಾಗಲಿಲ್ಲ. ಫೋನ್ ಕಟ್ಟಾಯಿತು. ತಿರುಗಿ ಮಾಡಿದರೆ ಎತ್ತುತ್ತಿಲ್ಲ. ಆಸ್ಪತ್ರೆಗೆ ಹೊರಟಿದ್ದೇನೆ, ಚಪ್ಪಲಿ ಯಾವ ಕಾಲಿಗೆ ಯಾವುದು ಹಾಕಿದೆನೋ

ಫೆಬ್ರವರಿ 7, ಸಂಜೆ

ಮೇಘಾ ತಾನೇ ಫೋನ್ ಮಾಡಿದಳು. ನಗುತ್ತಿದ್ದಳು. ಅವಳು ಹೇಳಿದ್ದನ್ನು ಹಾಗೇ ಬರೆದಿಡುತ್ತೇನೆ.

ಗೇಟಿನಲ್ಲಿ ಮಹಿಳಾ ಕಾನ್‌ಸ್ಟೇಬಲ್ ಒಬ್ಬರು ಪೆನ್ನು ಕೈಯಲ್ಲಿ ಹಿಡಿದು, "ಇದೇನಿದು, ಒಳಗೇನೈತಿ?" ಎಂದರಂತೆ. "ಬಿಚ್ಚಿ ನೋಡ್ರಿ ಮೇಡಂ, ನನ್ನ ಬೆಳ್ಳಿಗೆ ಬಿಚ್ಚಾಕ ಆಗಂಗಿಲ್ಲ" ಎಂದಳಂತೆ ಇವಳು. ಅವರು ಮೂತಿ ತಿರುವಿದರು. ರೀಫಿಲ್ ಬಂತು, ಸ್ಪ್ರಿಂಗ್ ಬಂತು. ಉಳಿದದ್ದು ಕಮರದ ಕೊಳವೆ. ಅದನ್ನು ಕಣ್ಣಿಗೆ ಹಿಡಿದು ಆಕಾಶ ನೋಡಿದರಂತೆ. ಹಿಂದಿನ ಗುಂಡಿಯೂ ತಿರುವಿದರೆ ಬಿಚ್ಚುವಂಥದ್ದು, ಅದನ್ನೂ ತೆಗೆದಿದ್ದರು. ಆರಪಾರ ಬೆಳಕು.

"ನಾನು ಏನಂದೆ ಗೊತ್ತೇನ್ರಿ? ಇದು ಕುರಿರೊಪ್ಪದ ಗೂಟ ಮೇಡಂ, ನಂಗ ಜ್ವರ ಬಂದು ಬೆಳ್ಳು ಹೋಗಿದ್ವು, ನಮ್ಮ ಅಕ್ಕ ಮಾಡ್ಕೊಟ್ಟಾರ ಅಂದೆ."

ಕಾನ್‌ಸ್ಟೇಬಲ್ ಅವಳ ಬೆರಳುಗಳನ್ನು ನೋಡಿದರು. ಮೇಲಿನವರನ್ನು ಕರೆದು ತೋರಿಸಿದರು. ಅವರೂ ಕೊಳವೆಯಲ್ಲಿ ಆಕಾಶ ನೋಡಿ, ರೀಫಿಲ್ಲಿನಿಂದ ತಮ್ಮ ಅಂಗೈ ಮೇಲೆ ಒಂದು ಗೆರೆ ಎಳೆದು, ಹೋಗು ಎಂದರಂತೆ. ಕಾನ್‌ಸ್ಟೇಬಲ್ ತಾವೇ ಕೂಡಿಸಿ, ಕ್ಯಾಪು ಹಾಕಲು ಹೋದರೆ ಅದು ತಾನೇ ಎಗರಿ ಕೂತಿತು. "ಅವ್ವಾ!" ಎಂದು ಬೆಚ್ಚಿದರಂತೆ.

ನಾನು ನಕ್ಕು ನಕ್ಕು, ಆಮೇಲೆ ಅತ್ತೆ. ಪ್ರಬುದ್ಧ ನೀರು ತಂದುಕೊಟ್ಟ. ಪೂರ್ತಿ ಬಿಚ್ಚಿಕೊಂಡು ಒಳಗೆ ಏನೂ ಇಲ್ಲ ಎಂದು ತೋರಿಸುವ ಗುಣ! ಕಿಟ್ ಮಾಡಿದವರು ಅದನ್ನು ಜಾಹೀರಾತಿನಲ್ಲಿ ಬರೆದಿಲ್ಲ. ಬರೆಯಬೇಕು.

ಪೇಪರ್ ಹೇಗಾಯಿತು ಎಂದು ಕೇಳುವುದೇ ಮರೆತುಹೋಯಿತು.

ಫೆಬ್ರವರಿ 15, ಭಾನುವಾರ

ಹೊಸಪೇಟೆಯಿಂದ ಬರುವ ರೈಲಿಗೆ ಬಂದರು. ನಾನೂ ಪ್ರಬುದ್ಧನೂ ಸ್ಟೇಷನ್ನಿಗೆ ಹೋಗಿದ್ದೆವು. ಅಜ್ಜಯ್ಯ ಮೊದಲು ಇಳಿದು, ಹೊಸ ಅಂಗಿಯಲ್ಲಿ, ಕುರಿ ಎಣಿಸುವವರ ಹಾಗೆ ಚೀಲಗಳನ್ನು ಎಣಿಸಿದರು. ಮೇಘಾ ಸೊರಗಿದ್ದಾಳೆ. ಕಣ್ಣು ಮಾತ್ರ ಹೊಳೆಯುತ್ತಿವೆ.

ಎಲ್ಲ ಪೇಪರ್ ಬರೆದಿದ್ದಾಳೆ. ಒಂದರಲ್ಲಿ ಕೊನೆಯ ಪ್ರಶ್ನೆ ಅರ್ಧ ಬಿಟ್ಟಿದ್ದಾಳೆ, ಹೊತ್ತು ಸಾಲದೆ. "ಕೈ ಸಾಲದಕ್ಕಲ್ರಿ, ಹೊತ್ತು ಸಾಲದಕ್ಕ" ಎಂದು ಎರಡು ಸಲ ಹೇಳಿದಳು. ಕೈ ಚಾಚಿ ತೋರಿಸು ಎಂದೆ. ನಡುಬೆರಳಿನಲ್ಲಿ ಗುಳ್ಳೆ ಇಲ್ಲ, ಕಪ್ಪು ಗುರುತಿಲ್ಲ. ಮುಷ್ಟಿ ಮಡಿಸಿ ಬಿಚ್ಚಿದಳು, ನಿಧಾನವಾಗಿ, ಪೂರ್ತಿ.

"ಪ್ರಬಂಧದ ಪೇಪರ್ ದಿನ ಏನಾತಂದ್ರ ಅಕ್ಕಾ, ಬರಕೋತ ಬರಕೋತ ಪೆನ್ನು ಇರೋದಾ ಮರ್ತುಹೋತು. ನಾನು, ಹಾಳಿ, ಅಷ್ಟಾ. ಗಂಟಿ ಹೊಡದಾಗ ನೋಡಿದೆ, ಅಯ್ಯ ಕೈಯಾಗ ಪೆನ್ನೈತಿ ಅಂತ."

ಇದಕ್ಕಿಂತ ದೊಡ್ಡ ಮಾತನ್ನು ನನ್ನ ಕೆಲಸದ ಬಗ್ಗೆ ಯಾರೂ ಹೇಳಿಲ್ಲ. ಗಂಗಾಂಬಿಕಾ ಅವರಿಗೆ ಫೋನ್ ಮಾಡಿ ಇದೇ ಮಾತು ಹೇಳಿದೆ. "ಆ ಸಪ್ಪನ್ ಕಿಟ್ಟಾ?" ಎಂದರು.

ಜೂನ್ 18, ಗುರುವಾರ

ಪಟ್ಟಿ ಬಂತು. ಸಂದರ್ಶನಕ್ಕೆ ಕರೆದವರಲ್ಲಿ ಮೇಘಾ ಇದ್ದಾಳೆ. ಇಲ್ಲಿಂದಲೇ ಅಜ್ಜಯ್ಯನಿಗೆ ಫೋನ್ ಮಾಡಿ ಹೇಳಿದಳು. ಕುರಿಗಳ ಸದ್ದಷ್ಟೇ ಕೇಳುತ್ತಿತ್ತು. "ಕೇಳಿಸ್ತೇನಪ್ಪಾ?" ಎಂದು ಮೇಘಾ ಕೇಳುತ್ತಲೇ ಇದ್ದಳು. ಕೊನೆಗೆ, "ಹ್ಞೂಂ, ಮುಂದ?" ಎಂದರು.

ಜೂನ್ 21, ಭಾನುವಾರ, ಬೆಳಿಗ್ಗೆ

ಮೇಘಾ ಲೇತ್ ಮುಂದೆ ನಿಂತಿದ್ದಾಳೆ. ತಾನೂ ಒಂದು ಮಾಡಬೇಕಂತೆ. ಸಂದರ್ಶನಕ್ಕೆ ಓದು ಅಂದರೆ, "ಸಂದರ್ಶನಕ್ಕ ಬಾಯಿ ಸಾಕು, ಕೈ ಖಾಲಿ ಅದಾವಲ್ರಿ" ಎಂದಳು. ಬೇವಿನ ತುಂಡು ಕೊಟ್ಟಿದ್ದೇನೆ, ಮೆತ್ತಗಿರುತ್ತದೆ. ಯಾರಿಗೆ ಪೆನ್ನು ಎಂದು ಕೇಳಿದೆ. ಯಾರಿಗೂ ಅಲ್ಲ, ಸುಮ್ಮನೆ.

ಕನ್ನಡಕ ಹಾಕಿಸಿ, ಉಳಿ ಕೈಗೆ ಕೊಟ್ಟು, ಬದಿಯಲ್ಲಿ ಸ್ಟೂಲಿನ ಮೇಲೆ ಕೂತು ಬರೆಯುತ್ತಿದ್ದೇನೆ. ಮೊದಲು ಹೆದರಿ ಹೆದರಿ ಮುಟ್ಟಿಸಿದಳು, ಪುಡಿ ಬಂತು. ಈ ಸಲ ಉಳಿಯ ಹಿಡಿಯನ್ನು ಬಗಲಿಗೆ ಒರಗಿಸಿ, ಹೆಬ್ಬೆರಳಿನಿಂದ ಒತ್ತಿ, ಉದ್ದಕ್ಕೆ ಒಂದೇ ಎಳೆ — ರಿಬ್ಬನ್ನಿನ ಹಾಗೆ ಸುರುಳಿ ಸುರುಳಿ ಬಂದು ಅವಳ ಮುಂಗೈ ಮೇಲೆ ಬೀಳುತ್ತಿದೆ! ಗಟ್ಟಿ ಹಿಡಿದಿದ್ದಾಳೆ. ಆ ಬೆರಳುಗಳನ್ನೇ ನೋಡುತ್ತಿದ್ದೇನೆ. ಚೌಕ ಹೋಗಿ ದುಂಡಾಯಿತು, ಇನ್ನೂ ಒತ್ತುತ್ತಿದ್ದಾಳೆ, ಇನ್ನೇನು ಹಿತ್ತಾಳೆ ಕೊಳವೆ ಕಾಣುತ್ತದೆ, ಸಾಕು ಮೇಘಾ ಎಂದರೆ ಕೇಳಿಸುತ್ತಿಲ್ಲ, ಬರೆಯುವುದು ಬಿಟ್ಟು ಎದ್ದು ಹೋಗಿ ನಾನೇ ಲೇತ್ ಆಫ್ ಮಾಡಬೇಕು.